ಆರು ಮಂದಿ ಅಪರಿಚಿತರು ಮತ್ತು ಎಲೆಕೋಸಿನ ಸೂಪು

ವೆಂಡೆಲ್ ಮಾಸ್ಬಿ ಆ ದಿನ ಬಾಯಿಬಿಟ್ಟು ಒಂದೇ ಒಂದು ಮಾತು ಹೇಳಿದ್ದರೆ ಈ ರಾದ್ಧಾಂತವೇ ಆಗುತ್ತಿರಲಿಲ್ಲ. "ಮೇಡಂ, ಆ ಶನಿವಾರ ಮಿಷಿಗನ್ ಜೊತೆ ಫುಟ್‌ಬಾಲ್ ಪಂದ್ಯ ಇದೆ" ಎಂದಿದ್ದರೆ ಸಾಕಿತ್ತು. ಕೊಲಂಬಸ್‌ನಲ್ಲಿ ತೊಟ್ಟಿಲ ಕೂಸಿಗೂ ಗೊತ್ತಿರುವ ಸಂಗತಿ ಅದು. ನವೆಂಬರ್ ಕೊನೆಯ ಆ ಶನಿವಾರ ನಮ್ಮೂರಲ್ಲಿ ಯಾರೂ ಮದುವೆ ಇಟ್ಟುಕೊಳ್ಳುವುದಿಲ್ಲ. ಸಾಯುವವರು ಕೂಡ ಆದಷ್ಟು ಮಟ್ಟಿಗೆ ಭಾನುವಾರಕ್ಕೆ ಮುಂದೂಡುತ್ತಾರೆ. ಆದರೆ ಪ್ರಚಾರದ ಕಚೇರಿ ನಡೆಸುತ್ತಿದ್ದ ಮಿಸ್ ಪಾವ್ಲಿಕ್ ಊರಿಗೆ ಹೊಸಬರು, ದೂರದ ಆರೆಗನ್ ಕಡೆಯವರು. ಅವರು ಕ್ಯಾಲೆಂಡರಿನ ಮೇಲೆ ಬೆರಳಿಟ್ಟು "ಶನಿವಾರ ಮಧ್ಯಾಹ್ನ ಆಗುತ್ತಲ್ವಾ?" ಎಂದು ಕೇಳಿದಾಗ ವೆಂಡೆಲ್ "ಧಾರಾಳವಾಗಿ" ಎಂದುಬಿಟ್ಟ. ಕೆಲಸ ಕೇಳಿಕೊಂಡು ಬಂದವನು ಮೊದಲ ಮಾತಿಗೇ ಇಲ್ಲ ಎನ್ನುವುದು ಹೇಗೆ?

ವೆಂಡೆಲ್ ಅಲ್ಲಿಯತನಕ ಬೂಟಿನ ಅಂಗಡಿಯಲ್ಲಿ ಮಂಡಿಯೂರಿ ಕುಳಿತು ಊರಿನವರ ಪಾದ ಅಳೆಯುತ್ತಿದ್ದವನು. ಮಂಡಿ ನೋಯತೊಡಗಿದ ಮೇಲೆ ಅವನಿಗೆ ಮಾರ್ಕೆಟಿಂಗ್ ಸೇರಬೇಕೆಂಬ ಆಸೆ ಹುಟ್ಟಿತು. ಗ್ರಂಥಾಲಯದಿಂದ ತಂದ ಪುಸ್ತಕಗಳೆಲ್ಲ ಒಂದನ್ನೇ ಹೇಳುತ್ತಿದ್ದವು: ಹೇಗಾದರೂ ಒಳಗೆ ಕಾಲಿಡಿ, ಸಿಕ್ಕ ಸಣ್ಣ ಕೆಲಸ ಮಾಡಿ, ಪರಿಚಯ ಬೆಳೆಸಿಕೊಳ್ಳಿ. ಅವನು ಅಂಗಡಿ ಬಿಟ್ಟ. ಕಾಲಿಡಲು ಎಲ್ಲೂ ಬಾಗಿಲು ತೆರೆಯಲಿಲ್ಲ. ಅಷ್ಟರಲ್ಲಿ ಪಕ್ಕದ ಮನೆಯ ಮಿಸ್ ವರ್ನಾ ಬೇಲಿಯ ಮೇಲಿಂದ ಬಗ್ಗಿ, "ಏನಪ್ಪಾ, ಕೆಲಸ ಸಿಕ್ತಾ?" ಎಂದರು. ನಾಚಿಕೆಗೆ ಅವನು "ಸಿಕ್ತು" ಎಂದ. ಮಿಸ್ ವರ್ನಾ ಶಾಲೆಯ ಅಡುಗೆಮನೆಯಲ್ಲಿ ದುಡಿದು ನಿವೃತ್ತರಾದವರು. ಅವರ ಕಿವಿಗೆ ಬಿದ್ದದ್ದು ಬೀದಿಗೆಲ್ಲ ಬಡಿಸಿದಂತೆಯೇ. ಅದೇ ವಾರ ಬೀದಿಯವರೆಲ್ಲ ಒಂದೊಂದು ಪಾತ್ರೆಯಲ್ಲಿ ಅಡುಗೆ ಹೊತ್ತು ತಂದು ಅವನ ಹೊಸ ಕೆಲಸಕ್ಕೆ ಔತಣ ಮಾಡಿ ಹೋದರು. ಇಲ್ಲದ ಕೆಲಸಕ್ಕೆ ತಿಂದ ಆ ಊಟ ಅವನಿಗೆ ಅರಗಿರಲಿಲ್ಲ.

ಹಾಗಾಗಿ ಮಿಸ್ ಪಾವ್ಲಿಕ್ ತಮ್ಮ ಪುಟ್ಟ ಕಚೇರಿಗೆ ಕರೆದಾಗ ಅವನಿಗೆ ಹೋದ ಜೀವ ಬಂದಂತಾಯಿತು.

"ನೋಡಿ ವೆಂಡೆಲ್, ಮಾರ್ಕೆಟಿಂಗ್ ಅಂದ್ರೆ ಬಾಯಿ ಬಡ್ಕೊಳ್ಳೋದು ಅಂತ ಎಲ್ರೂ ತಿಳ್ಕೊಂಡಿದ್ದಾರೆ. ಅದಲ್ಲ. ಜನ ಏನಂತಾರೆ ಅಂತ ಕೇಳಿಸ್ಕೊಳ್ಳೋದು ಮೊದಲ ಕೆಲಸ. ಮಿಸ್ಟರ್ ಓಗಲ್ ಅಂತ ಒಬ್ರು ಹೊಸ ಡಬ್ಬಿ ಸೂಪು ಮಾರಾಟಕ್ಕೆ ತರ್ತಿದ್ದಾರೆ. ಆರು ಜನ ಅಪರಿಚಿತರನ್ನ ಹುಡುಕಿ, ಕೂರಿಸಿ, ಕುಡಿಸಿ, ಅವರ ಮನಸ್ಸಲ್ಲಿರೋದನ್ನ ಹೊರಗೆ ತೆಗೀರಿ. ಆಮೇಲೆ ಓಗಲ್ ನಮಗೆ ಇಡೀ ವರ್ಷದ ಪ್ರಚಾರದ ಕೆಲಸ ಕೊಟ್ರೆ, ನಂಗೆ ಒಬ್ಬ ಸಹಾಯಕ ಬೇಕೇ ಬೇಕು. ಆ ಸಹಾಯಕ ನೀವೇ."

"ಕೊಡ್ದಿದ್ರೆ?"

"ಕೊಡ್ದಿದ್ರೆ ನಂಗೇ ಕೆಲಸ ಇರಲ್ಲ, ನಿಮಗೆಲ್ಲಿಂದ ತರ್ಲಿ? ಇನ್ನೊಂದು ಮಾತು. ಹಿಂದೆ ಯಾವುದೋ ಏಜೆನ್ಸಿಯೋರು ತಮ್ಮ ನೆಂಟರಿಷ್ಟರನ್ನೇ ಕೂರಿಸಿ ಓಗಲ್‌ಗೆ ಮೋಸ ಮಾಡಿದ್ರಂತೆ. ಅವತ್ತಿಂದ ಆ ಮನುಷ್ಯ ಎಲ್ಲದಕ್ಕೂ ಅನುಮಾನ ಪಡ್ತಾರೆ. ಒಬ್ಬರಿಗೊಬ್ಬರು ಪರಿಚಯ ಇರಬಾರದು, ನಿಮಗಂತೂ ಇರಲೇಬಾರದು. ಸಣ್ಣ ಅನುಮಾನ ಬಂದ್ರೂ ಎದ್ದು ಹೋಗ್ತಾರೆ."

ವೆಂಡೆಲ್ ಫೋನು ಮಾಡಿ ಮಾಡಿ ಆರು ಮಂದಿಯನ್ನು ಒಪ್ಪಿಸಿದ. ಶನಿವಾರ ಬೆಳಿಗ್ಗೆ ಆರೂ ಮಂದಿ ಒಬ್ಬೊಬ್ಬರಾಗಿ ಕೈ ಎತ್ತಿದರು. ಒಬ್ಬನಿಗೆ ಜ್ವರ, ಒಬ್ಬಳ ನಾಯಿಗೆ ಜ್ವರ. ಕೊನೆಯವನು ಮಾತ್ರ ಸುಳ್ಳು ಹೇಳಲಿಲ್ಲ. "ಅಣ್ಣಾ, ತಲೆ ನೆಟ್ಟಗಿದೆಯಾ ನಿಂಗೆ? ಇವತ್ತು ಮಿಷಿಗನ್ ಮ್ಯಾಚು!" ಎಂದು ಫೋನು ಇಟ್ಟ.

ವೆಂಡೆಲ್ ಮನೆಯ ಮೆಟ್ಟಿಲ ಮೇಲೆ ತಲೆಯ ಮೇಲೆ ಕೈಹೊತ್ತು ಕುಳಿತ. ಓಗಲ್ ಆಗಲೇ ಕೆಂಟಕಿಯಿಂದ ಹೊರಟಿದ್ದರು. ಅಷ್ಟು ಹೊತ್ತಿಗೆ ಬೇಲಿಯ ಮೇಲೆ ಮಿಸ್ ವರ್ನಾ ಅವರ ತಲೆ ಕಾಣಿಸಿತು. ಅವನು ಎಲ್ಲವನ್ನೂ ಬಾಯಿಬಿಟ್ಟ, ಇನ್ನೂ ಕೆಲಸ ಸಿಕ್ಕಿಲ್ಲ ಎಂಬುದೊಂದನ್ನು ಬಿಟ್ಟು. ಇವತ್ತು ಎಡವಟ್ಟಾದರೆ ಕೆಲಸ ಹೋಗುತ್ತದೆ ಎಂದಷ್ಟೇ ಹೇಳಿದ.

"ಅಷ್ಟೇ ತಾನೇ? ಅಪರಿಚಿತರು ಬೇಕು ಅಂದ್ರೆ ನಾವಿಲ್ವೇನೋ?" ಎಂದರು ಮಿಸ್ ವರ್ನಾ.

"ನೀವು ನನ್ನ ಹುಟ್ಟಿದಾಗಿಂದ ನೋಡಿದೀರಿ, ಮಿಸ್ ವರ್ನಾ!"

"ಅದು ಅವನಿಗೆ ಗೊತ್ತಾ? ಹೋಗಿ ಅಂಗಿಗೆ ಇಸ್ತ್ರಿ ಹಾಕ್ಕೋ ಹೋಗು."

ಅರ್ಧ ಗಂಟೆಯಲ್ಲಿ ಅವರ ಹಳೆಯ ವ್ಯಾನು ತುಂಬಿತು. ಎದುರು ಮನೆಯ ಓರಿನ್ ಟ್ಯಾಕೆಟ್, ನಿವೃತ್ತ ಬಸ್ ಚಾಲಕ, ಮುಖವನ್ನು ಹರಳೆಣ್ಣೆ ಕುಡಿದವನಂತೆ ಮಾಡಿಕೊಂಡು ಬಂದ. ಬುದ್ಧಿ ಬಂದಾಗಿನಿಂದ ಅವನು ಈ ಪಂದ್ಯ ತಪ್ಪಿಸಿದವನಲ್ಲ. ಅವನ ಹೆಂಡತಿ ಲೂಯೆನ್ ತೋಳು ಹಿಡಿದು ಎಳೆದುಕೊಂಡು ಬಂದಿದ್ದಳು. ಉಳಿದ ಮೂವರು ಬೀದಿಯ ಕೊನೆಯ ಮನೆಯವರು. ಮಿಸ್ ವರ್ನಾ ಬಡಿಸಿದ್ದನ್ನು ಉಂಡು ಬೆಳೆದವರಾದ್ದರಿಂದ ಅವರಿಗೆ ಎದುರಾಡಿ ಗೊತ್ತಿರಲಿಲ್ಲ. ಪಂದ್ಯ ಬಿಟ್ಟು ಬಂದ ಆರೂ ಮಂದಿಯ ಕೈಯನ್ನು ವೆಂಡೆಲ್ ಹಿಡಿದು ಕುಲುಕಿದ. ಕೊಲಂಬಸ್‌ನಲ್ಲಿ ಇದಕ್ಕಿಂತ ದೊಡ್ಡ ತ್ಯಾಗ ಇಲ್ಲ.

"ನೀವು ಒಬ್ಬರಿಗೊಬ್ಬರು ಗೊತ್ತಿಲ್ಲ. ಸೂಪು ಹೇಗಿದೆಯೋ ಹಾಗೇ ಹೇಳಿ, ಅಷ್ಟೇ," ಎಂದು ಅವನು ಬೇಡಿಕೊಂಡು ತನ್ನ ಕಾರಿನಲ್ಲಿ ಮುಂದೆ ಹೋದ.

ಅವನ ಕಾರು ತಿರುವು ದಾಟಿದ ಮೇಲೆ ಮಿಸ್ ವರ್ನಾ ಹಿಂದಕ್ಕೆ ತಿರುಗಿದರು. "ಹೇಗಿದೆಯೋ ಹಾಗೆ ಹೇಳೋದಕ್ಕೆ ನಮಗೇನು ಬುದ್ಧಿ ಇಲ್ವಾ? ಹುಡುಗನ ಅನ್ನದ ಪ್ರಶ್ನೆ ಇದು. ಸೂಪು ಗೋಡೆಗೆ ಹಚ್ಚೋ ಸುಣ್ಣ ಆಗಿದ್ರೂ ಅಮೃತ ಅನ್ಬೇಕು. ಗೊತ್ತಾಯ್ತಾ?"

ಸೂಪು ಕುಡಿಸುವ ಕೋಣೆಯ ಒಂದು ಗೋಡೆ ಪೂರ್ತಿ ಕನ್ನಡಿ. ಈ ಕಡೆ ಕೂತವರಿಗೆ ತಮ್ಮ ಮುಖವೇ ಕಾಣುತ್ತದೆ. ಆ ಕಡೆ ಕತ್ತಲಲ್ಲಿ ಕೂತವರಿಗೆ ಇವರೆಲ್ಲ ಕಾಣುತ್ತಾರೆ. ಮಿಸ್ ಪಾವ್ಲಿಕ್ ಮತ್ತು ಓಗಲ್ ಅಲ್ಲಿ ಕುಳಿತಾಗಿತ್ತು. ಪ್ರಶ್ನೆ ಕೇಳಬೇಕಾದವನು ವೆಂಡೆಲ್. ಕನ್ನಡಿಯಲ್ಲಿ ತನ್ನ ಮುಖ ನೋಡಿ ಅವನಿಗೇ ಇವನನ್ನು ನಂಬಬಾರದು ಅನ್ನಿಸಿತು.

"ಎಲ್ಲರೂ... ಹೆಸರು ಹೇಳಿ ಪರಿಚಯ ಮಾಡಿಕೊಳ್ಳೋಣ್ವಾ?"

ಲೂಯೆನ್ ಗಂಡನ ಕಡೆ ತಿರುಗಿ ಬಹಳ ಠೀವಿಯಿಂದ, "ನಮಸ್ಕಾರ. ತಮ್ಮ ಹೆಸರು?" ಎಂದಳು.

ಓರಿನ್ ಕಕ್ಕಾಬಿಕ್ಕಿಯಾದ. ಮೂವತ್ತು ವರ್ಷದ ಸಂಸಾರದಲ್ಲಿ ಅವಳು ಅವನಿಗೆ ಬಹುವಚನ ಹಚ್ಚಿದ್ದು ಇದೇ ಮೊದಲು. "ಓ... ಓರಿನ್," ಎಂದ. "ನಿಂದು? ಅಲ್ಲ, ನಿಮ್ದು?"

ವೆಂಡೆಲ್‌ನ ಬೆನ್ನಲ್ಲಿ ಬೆವರು ಇಳಿಯಿತು. ಅವನು ಗಡಿಬಿಡಿಯಿಂದ ಬಟ್ಟಲುಗಳನ್ನು ಹಂಚಿದ. ಮುಚ್ಚಳ ತೆಗೆದೊಡನೆ ಕೋಣೆಯಲ್ಲಿ ಹಬ್ಬಿದ ವಾಸನೆಗೆ ಬೀದಿಯ ಕೊನೆಯ ಮನೆಯ ಮೂವರೂ ಒಟ್ಟಿಗೆ ಹಿಂದಕ್ಕೆ ಸರಿದರು. ಅದು ಎಲೆಕೋಸಿನ ಸೂಪು, ಅದರಲ್ಲಿ ದಾಲ್ಚಿನ್ನಿ, ಜೊತೆಗೆ ಸಕ್ಕರೆ. ಒದ್ದೆ ಕಾಲುಚೀಲವನ್ನು ಕೇಕಿನೊಳಗೆ ಬೇಯಿಸಿದಂತಿತ್ತು.

ಮಿಸ್ ವರ್ನಾ ಒಂದು ಚಮಚ ಬಾಯಿಗಿಟ್ಟರು. ಅವರ ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು. ನುಂಗಿದರು. "ಆಹಾ," ಎಂದರು, ಉಸಿರು ಸಿಕ್ಕ ಮೇಲೆ. "ಇಂಥದ್ದು ನಾನು ಜನ್ಮದಲ್ಲಿ ಕುಡಿದಿಲ್ಲ." ಅದಂತೂ ನಿಜವೇ.

"ಮುಚ್ಚುಮರೆ ಬೇಡ. ಏನಾದರೂ ಕೊರತೆ ಇದ್ರೆ ಹೇಳಿ," ಎಂದ ವೆಂಡೆಲ್, ಕಣ್ಣಲ್ಲೇ ಗೋಗರೆಯುತ್ತ.

"ಇದೆ. ಬಟ್ಟಲು ಚಿಕ್ಕದು," ಎಂದರು ಮಿಸ್ ವರ್ನಾ.

ಓರಿನ್ ಇನ್ನೂ ಚಮಚ ಮುಟ್ಟಿರಲಿಲ್ಲ. ಅವನ ಎಡಗಿವಿಯಲ್ಲಿ ಇಯರ್‌ಫೋನಿನ ಒಂದು ಸಣ್ಣ ಗುಂಡಿ ಇರುವುದು ವೆಂಡೆಲ್‌ನ ಕಣ್ಣಿಗೆ ಆಗ ಬಿತ್ತು. ಜೇಬಿನಲ್ಲಿದ್ದ ರೇಡಿಯೋ ಅವನ ಕಿವಿಯೊಳಗೆ ಪಂದ್ಯ ಹೇಳುತ್ತಿತ್ತು. ಲೂಯೆನ್ ಮೇಜಿನ ಕೆಳಗೆ ಒದ್ದಳು. ಓರಿನ್ ಬೆಚ್ಚಿ ಒಂದು ಚಮಚ ಸೂಪು ಬಾಯಿಗೆ ಹಾಕಿಕೊಂಡ. ಸರಿಯಾಗಿ ಅದೇ ಗಳಿಗೆಗೆ ನಮ್ಮವರು ಟಚ್‌ಡೌನ್ ಹೊಡೆದು ಅಂಕ ಗಳಿಸಿದರು.

"ಹೋಓಓಓ!" ಎಂದು ಓರಿನ್ ಕುರ್ಚಿಯಿಂದ ನೆಗೆದ. ಎರಡು ಮುಷ್ಟಿ ಮೇಲೆತ್ತಿ, "ಇದು ಕಣ್ರೋ! ಇದಕ್ಕೇ ಕಾಯ್ತಿದ್ದೆ ನಾನು! ವರ್ಷವಿಡೀ ಇದಕ್ಕೇ ಕಾಯ್ತಿದ್ದೆ!" ಎಂದು ಕೂಗಿದ.

ಕನ್ನಡಿಯ ಆಚೆ ಏನೋ ದೊಪ್ಪನೆ ಬಿದ್ದ ಸದ್ದು ಕೇಳಿತು. ವೆಂಡೆಲ್ ಮುಗಿಯಿತು ಅಂದುಕೊಂಡ. ಬೂಟಿನ ಅಂಗಡಿಯವರು ಮತ್ತೆ ಸೇರಿಸಿಕೊಳ್ಳುತ್ತಾರೋ ಇಲ್ಲವೋ ಎಂದು ಮನಸ್ಸು ಆಗಲೇ ಲೆಕ್ಕ ಹಾಕತೊಡಗಿತ್ತು.

ಓರಿನ್‌ನ ಗಲ್ಲದಿಂದ ಸೂಪು ಇಳಿಯುತ್ತಿತ್ತು. ಲೂಯೆನ್ ಯೋಚಿಸಲೇ ಇಲ್ಲ. ದಿನಾ ಮನೆಯಲ್ಲಿ ಮಾಡುವಂತೆ ಕಾಗದದ ಕರವಸ್ತ್ರಕ್ಕೆ ಉಗುಳು ಹಚ್ಚಿ, ಅವನ ಗಲ್ಲ ಹಿಡಿದು ಒರೆಸಿ, "ಕೂತ್ಕೋ ಸುಮ್ನೆ," ಎಂದಳು. ಅವನು ವಿಧೇಯನಾಗಿ ಕೂತ. ಆಮೇಲೆ ಇಬ್ಬರಿಗೂ ತಾವು ಅಪರಿಚಿತರೆಂಬುದು ನೆನಪಾಗಿ, ಒಬ್ಬರನ್ನೊಬ್ಬರು ದೆವ್ವ ನೋಡಿದಂತೆ ನೋಡಿದರು.

ಬಾಗಿಲು ತೆರೆಯಿತು. ಮಿಸ್ ಪಾವ್ಲಿಕ್ ತಲೆ ಹಾಕಿ ವೆಂಡೆಲ್‌ನನ್ನು ಬೆರಳಲ್ಲಿ ಕರೆದರು. ಅವರ ಮುಖ ಬಿಳಿಚಿತ್ತು.

"ಓಗಲ್ ಅಳ್ತಿದ್ದಾರೆ," ಎಂದು ಪಿಸುಗುಟ್ಟಿದರು.

"ಸಿಟ್ಟಿಗಾ?"

"ಗೊತ್ತಿಲ್ಲ. ಮುಂದುವರಿಸು ಅಂತಿದ್ದಾರೆ. ವೆಂಡೆಲ್, ಎಲ್ಲಿ ಸಿಕ್ಕಿದ್ರು ಇವರೆಲ್ಲ ನಿಮಗೆ?"

"ಇಲ್ಲೇ... ಊರಲ್ಲಿ."

ಅವನು ಮತ್ತೆ ಒಳಗೆ ಬಂದ. ಉಳಿದ ಹೊತ್ತು ಹೇಗೆ ಕಳೆಯಿತೋ ದೇವರಿಗೇ ಗೊತ್ತು. ಮಿಸ್ ವರ್ನಾ ಎರಡನೆಯ ಬಟ್ಟಲು ಕೇಳಿ ಪಡೆದು, ಕಣ್ಣಲ್ಲಿ ನೀರು ಸುರಿಸುತ್ತ ಖಾಲಿ ಮಾಡಿದರು. ಬೀದಿಯ ಕೊನೆಯ ಮನೆಯ ಮೂವರು ಅವರನ್ನು ನೋಡಿ ಉಸಿರು ಬಿಗಿಹಿಡಿದು ತಾವೂ ಖಾಲಿ ಮಾಡಿದರು. ಕೊನೆಗೆ ವೆಂಡೆಲ್ "ಧನ್ಯವಾದ, ಮುಗೀತು" ಎಂದು ಬಟ್ಟಲುಗಳನ್ನು ಎತ್ತಿಕೊಳ್ಳುವ ಹೊತ್ತಿಗೆ ಮಿಷಿಗನ್‌ನವರು ಕೊನೆಯ ಗಳಿಗೆಯಲ್ಲಿ ಪಂದ್ಯ ಕಿತ್ತುಕೊಂಡರು. ಓರಿನ್ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡು, "ಇಷ್ಟು ಬೇಗ ಮುಗ್ದುಹೋಯ್ತಾ, ದೇವ್ರೇ," ಎಂದು ಬಿಕ್ಕಿದ.

ಆಗ ಓಗಲ್ ಒಳಗೆ ಬಂದರು. ಗುಡಾಣದಂಥ ಹೊಟ್ಟೆಯ, ಕೆಂಪು ಮುಖದ ಮನುಷ್ಯ. ಕಣ್ಣು ಇನ್ನೂ ಒದ್ದೆಯಾಗಿತ್ತು. ಓರಿನ್ ಬಟ್ಟಲು ಹೋಯಿತೆಂದು ಅಳುತ್ತಿದ್ದಾನೆ ಎಂದುಕೊಂಡು ಅವರು ಅವನ ಹೆಗಲ ಮೇಲೆ ಕೈಯಿಟ್ಟರು.

"ಅಳ್ಬೇಡಪ್ಪಾ. ಇನ್ನೂ ಬೇಕಾದಷ್ಟಿದೆ. ಇದು ನಮ್ಮಮ್ಮ ಮಾಡ್ತಿದ್ದ ಸೂಪು. ಮನೇಲಿ ಒಬ್ಬರೂ ಕುಡೀತಿರಲಿಲ್ಲ, ನಾಯೀನೂ ಮೂಸ್ತಿರಲಿಲ್ಲ. ಇವತ್ತು ಅಮ್ಮ ಗೆದ್ಲು." ಅವರು ಲೂಯೆನ್ ಕಡೆ ತಿರುಗಿದರು. "ಮತ್ತೆ ನೀವು, ತಾಯಿ! ಮುಖ ಪರಿಚಯ ಇಲ್ಲದ ಮನುಷ್ಯನ ಬಾಯಿ ಒರೆಸಿದ್ರಿ! ನನ್ನ ಸೂಪು ಕುಡಿದ್ರೆ ಅಪರಿಚಿತರೂ ಒಂದೇ ಮನೆಯೋರಾಗ್ತಾರೆ. ನಾನು ಕಣ್ಣಾರೆ ಕಂಡೆ."

ವೆಂಡೆಲ್‌ಗೆ ಕೋಣೆಯೆಲ್ಲ ಬೆಳಕಾದಂತಾಯಿತು. ಗೆದ್ದೆವು! ಮಿಸ್ ಪಾವ್ಲಿಕ್ ಕೂಡ ಮುಗುಳ್ನಗುತ್ತ ಮುಂದೆ ಬಂದರು. "ಹಾಗಾದ್ರೆ ಮಿಸ್ಟರ್ ಓಗಲ್, ವರ್ಷದ ಪ್ರಚಾರದ ಬಗ್ಗೆ ಕೂತು ಮಾತಾಡೋಣ್ವಾ?"

"ಪ್ರಚಾರ?" ಓಗಲ್ ಅಚ್ಚರಿಯಿಂದ ನೋಡಿದರು. "ಯಾತಕ್ಕಮ್ಮಾ? ಜನ ಬೈತಾರೆ, ಆ ಬೈಗುಳ ತೊಳೆಯೋಕೆ ನೀವು ಬೇಕಾಗ್ತೀರಿ ಅಂತ ದುಡ್ಡು ಎತ್ತಿಟ್ಕೊಂಡು ಬಂದಿದ್ದೆ. ಇಲ್ಲಿ ನೋಡಿದ್ರೆ ಜನ ಬಟ್ಟಲಿಗಾಗಿ ಅಳ್ತಿದ್ದಾರೆ! ಇಂಥ ಸೂಪಿಗೆ ಜಾಹೀರಾತು ದಂಡ. ಸುಮ್ನೆ ಅಂಗಡೀಲಿಟ್ರೆ ತಾನೇ ಓಡುತ್ತೆ. ನಿಮ್ಮ ಉಪಕಾರ ಮರೆಯಲ್ಲ."

ಕೈ ಕುಲುಕಿ, ಆರು ಮಂದಿಗೂ ಒಂದೊಂದು ಪೆಟ್ಟಿಗೆ ಸೂಪಿನ ಡಬ್ಬಿ ಕೊಟ್ಟು, ಸಿಳ್ಳೆ ಹಾಕುತ್ತ ಅವರು ಹೊರಟುಹೋದರು.

ಕೋಣೆಯಲ್ಲಿ ವೆಂಡೆಲ್ ಮತ್ತು ಮಿಸ್ ಪಾವ್ಲಿಕ್ ಇಬ್ಬರೇ ಉಳಿದರು. ನಿಜ ಹೇಳಿದರೆ ಓಗಲ್ ಮೋಸವೆಂದು ರೇಗುತ್ತಾರೆ. ಹೇಳದಿದ್ದರೆ ಸೂಪಿಗೆ ಪ್ರಚಾರವೇ ಬೇಡ.

"ನಾಳೆಯಿಂದ ಬರೋದು ಬೇಡ ವೆಂಡೆಲ್," ಎಂದರು ಮಿಸ್ ಪಾವ್ಲಿಕ್ ಕುರ್ಚಿಯಲ್ಲಿ ಕುಸಿದು. "ನೀವು ಕೆಲಸ ತುಂಬಾ ಚೆನ್ನಾಗಿ ಮಾಡಿದ್ರಿ."

ಹೊರಗೆ ವ್ಯಾನಿನ ಬಳಿ ಆರೂ ಮಂದಿ ಕಾಯುತ್ತಿದ್ದರು. ಓರಿನ್‌ನ ಕಣ್ಣು ಇನ್ನೂ ಕೆಂಪಗಿತ್ತು, ಆದರೂ ಅವನು ನಗಲು ಪ್ರಯತ್ನಿಸುತ್ತಿದ್ದ. "ಮ್ಯಾಚು ಹೋದ್ರೂ ನಿನ್ನ ಕೆಲಸ ಉಳೀತಲ್ಲೋ?" ಎಂದ.

ವೆಂಡೆಲ್ ಆ ಮುಖಗಳನ್ನು ಒಂದೊಂದಾಗಿ ನೋಡಿದ. ಆ ಸೂಪನ್ನು ಅವನಿಗಾಗಿ ನುಂಗಿದವರು ಅವರು. ಅವನಿಗೆ ಅಳು ಬಂತು. "ಉಳೀತು," ಎಂದ.

ಬೀದಿಗೆ ಬೀದಿಯೇ ಆ ಸಂಜೆ ಮತ್ತೆ ಪಾತ್ರೆ ಹೊತ್ತು ಅವನ ಮನೆಗೆ ಬಂತು. ಎಲ್ಲರ ತಟ್ಟೆಯಲ್ಲಿ ಹುರಿದ ಕೋಳಿ, ಚೀಸು ಹಾಕಿದ ಮ್ಯಾಕರೋನಿ. ವೆಂಡೆಲ್‌ನ ಮುಂದೆ ಮಾತ್ರ ಮಿಸ್ ವರ್ನಾ ಹೊಗೆಯಾಡುವ ದೊಡ್ಡ ಬಟ್ಟಲೊಂದನ್ನು ತಂದಿಟ್ಟರು. ವಾಸನೆ ಅವನಿಗೆ ಗುರುತು ಸಿಕ್ಕಿತು.

"ನೀನು ಗೆದ್ದ ಮೊದಲ ಸರಕು ಕಣೋ. ನೀನೇ ಕುಡೀಬೇಕು," ಎಂದರು. ಆರು ಮಂದಿ ಅಪರಿಚಿತರೂ ತಿನ್ನುವುದು ಬಿಟ್ಟು ಅವನ ಬಾಯಿಯನ್ನೇ ನೋಡತೊಡಗಿದರು. ವೆಂಡೆಲ್ ಒಂದು ಚಮಚ ನುಂಗಿದ. ಅವನ ಎಡಗಣ್ಣು ತಾನಾಗಿ ಮುಚ್ಚಿಕೊಂಡಿತು.

"ಹೇಗಿದೆ? ಮುಚ್ಚುಮರೆ ಇಲ್ದೆ ಹೇಳು."

"ತುಂಬಾ ಚೆನ್ನಾಗಿದೆ," ಎಂದ ವೆಂಡೆಲ್.

"ನಾನು ಹೇಳ್ಲಿಲ್ವಾ!" ಎಂದು ಮಿಸ್ ವರ್ನಾ ಉಳಿದವರತ್ತ ತಿರುಗಿದರು. "ನಡೀರಿ, ವ್ಯಾನಿನಲ್ಲಿರೋ ನಮ್ಮ ಪೆಟ್ಟಿಗೆಗಳನ್ನೂ ಇವನ ಮನೆಗೇ ಇಳಿಸಿಬಿಡೋಣ."