ಹಿತ್ತಲಿನ ಔಡಲ ಗಿಡದವರಿಗೆ ಒಂದು ತಕರಾರು

ಬೆಟಗೇರಿ, 1986

ಮಾನ್ಯ ಔಡಲ ಗಿಡದವರ ಸನ್ನಿಧಿಗೆ, ಕೈಮಗ್ಗದ ನೇಕಾರ ಮಕ್ತುಮಸಾಬನು ಸಲಾಮು ಸಲ್ಲಿಸಿ ಬರೆದುಕೊಳ್ಳುವುದೇನೆಂದರೆ,

ಯಾರೂ ನೀರೆರೆಯದಿದ್ದರೂ ನಮ್ಮ ಹಿತ್ತಲಲ್ಲಿ ತಾವು ಸೊಂಪಾಗಿ ಬೆಳೆದಿದ್ದೀರಿ, ಸಂತೋಷ. ನನ್ನ ಮೂತ್ರಪಿಂಡದ ಗಂಟಿಗೂ ಯಾರೂ ನೀರೆರೆದಿರಲಿಲ್ಲ. ಹುಬ್ಬಳ್ಳಿಯಲ್ಲಿ ಆ ಮೂತ್ರಪಿಂಡವನ್ನೇ ತೆಗೆದರು. ಕ್ಯಾನ್ಸರು ಅಷ್ಟರೊಳಗೆ ಶ್ವಾಸಕೋಶಕ್ಕೆ ಬಿಡಾರ ಬದಲಿಸಿತ್ತು. ಕೊಟ್ಟ ಔಷಧಗಳನ್ನೆಲ್ಲ ಅದು ಬೀಗರ ಮನೆಯ ಊಟದಂತೆ ಉಂಡು ಇನ್ನಷ್ಟು ಮೈ ಬೆಳೆಸಿಕೊಂಡಿತು.

ಹೀಗಿರುವಾಗ ಗದಗಿನ ನಮ್ಮ ಡಾಕ್ಟರು ಪ್ರಹ್ಲಾದರಾಯರು ಮನೆಗೆ ಬಂದು ಒಂದು ಖಬರು ಹೇಳಿದರು. ತಮ್ಮ ಬೀಜದ ವಿಷವನ್ನೋ, ಮಕ್ಕಳ ಗಂಟಲು ಹಿಸುಕುವ ಡಿಫ್ತೀರಿಯಾ ರೋಗಾಣುವಿನ ವಿಷವನ್ನೋ, ಕ್ಯಾನ್ಸರಿನ ಗುರುತು ಹಿಡಿಯಬಲ್ಲ ಒಂದು ಕಣಕ್ಕೆ ಗಂಟುಹಾಕಿ, ಯಾವ ಔಷಧಕ್ಕೂ ಬಗ್ಗದ ಜೀವಕೋಶಗಳನ್ನು ಕೊಲ್ಲುವ ಪ್ರಯೋಗ ಪರದೇಶದಲ್ಲಿ ನಡೆದಿದೆಯಂತೆ. ಸದ್ಯಕ್ಕೆ ಹೆಚ್ಚಾಗಿ ಪ್ರಯೋಗಶಾಲೆಯ ಗಾಜಿನ ತಟ್ಟೆಯಲ್ಲಿ. ಬೀಜವನ್ನು ಹಾಗೇ ಅಗಿದರೆ ಕ್ಯಾನ್ಸರಿಗಿಂತ ಮೊದಲು ನಾನೇ ಹೋಗುತ್ತೇನೆಂದೂ ಎಚ್ಚರಿಸಿದರು.

ಬಾಗಿಲ ಹಿಂದೆ ನಿಂತು ಕೇಳಿದ ನನ್ನ ಹೆಂಡತಿ ಮೋತಿಬಿ, "ಬೀಜ ಬ್ಯಾಡಂದ್ರ ಎಣ್ಣಿ ಕುಡೀರಿ, ಅದೂ ಅದರ ಹೊಟ್ಟ್ಯಾಗಿಂದನ ಬಂದದ್ದಲ್ಲೇನು" ಎಂದು ತೀರ್ಪು ಕೊಟ್ಟಳು. ನನಗೆ ಕುಡಿಸಿದ್ದಲ್ಲದೆ, ರೋಗ ಹಬ್ಬೀತೆಂದು ಮಗನಿಗೆ, ಸೊಸೆಗೆ, ಮಗ್ಗದ ಕಂಡಿಕೆಗೆ ನೂಲು ಸುತ್ತಲು ಬರುವ ರಸೂಲಬಿಗೂ ಕುಡಿಸಿದಳು. ಅಂದು ನಮ್ಮ ಮನೆಯಲ್ಲಿ ಮಗ್ಗಗಳು ನಿಂತು ತಂಬಿಗೆಗಳು ಓಡಾಡಿದವು. ಎಣ್ಣೆಯಲ್ಲಿ ಆ ವಿಷ ಇರುವುದೇ ಇಲ್ಲವೆಂದು ಡಾಕ್ಟರು ನಕ್ಕಾಗ, ಜೊತೆಗೆ ನಗಲು ನಮ್ಮಲ್ಲಿ ಯಾರಿಗೂ ತ್ರಾಣ ಉಳಿದಿರಲಿಲ್ಲ.

ಆದಕಾರಣ ವಿನಂತಿ. ಹೊಟ್ಟೆ ತೊಳೆಯುವುದರಲ್ಲಿ ಇಷ್ಟು ಚುರುಕಾದ ತಾವು ಗಾಜಿನ ತಟ್ಟೆ ಬಿಟ್ಟು ಜಲ್ದಿ ಹೊರಬರಬೇಕು. ರೋಗಾಣು ಮಹಾಶಯರನ್ನೂ ಕೈಹಿಡಿದು ಕರೆತರಬೇಕು. ನನ್ನ ಮೈಯೊಳಗೆ ಇಳಿದ ಮೇಲೆ ಆ ಕಣ ಬೆರಳಿಟ್ಟು ತೋರಿಸಿದವರನ್ನು ಮಾತ್ರ ಕೊಂದು, ಉಳಿದಿರುವ ಒಂಟಿ ಮೂತ್ರಪಿಂಡಕ್ಕೆ ನಮಸ್ಕಾರ ಹೇಳಿ ಮುಂದೆ ಹೋಗಬೇಕು. ಈ ಔಷಧ ಯಾವಾಗ ಬಂದೀತೆಂದು ಕೇಳಿದ್ದಕ್ಕೆ ಡಾಕ್ಟರು ನೆಲ ನೋಡುತ್ತ, "ಇನ್ನೂ ಭಾಳ ವರ್ಷ ಹಿಡಿತಾವ, ಮಕ್ತುಮಸಾಬ್ರ" ಎಂದರು. ಅಷ್ಟು ವರ್ಷ ನನ್ನ ಬಳಿ ಇಲ್ಲ. ಬದುಕುವ ಆಸೆ ಮಾತ್ರ ಬಹಳ ಇದೆ, ನಾಚಿಕೆ ಬಿಟ್ಟು ಹೇಳುತ್ತೇನೆ.

ತಮ್ಮ ನೆರಳಲ್ಲೇ ಕುಳಿತು ಬರೆದ,
ತಮ್ಮ ವಿಶ್ವಾಸಿ,
ಮಕ್ತುಮಸಾಬ

ವಿ.ಸೂ.: ಡಾಕ್ಟರರ ಆ ಮಾತು ಕೇಳಿದ್ದೇ ಮೋತಿಬಿ ಕುಡುಗೋಲು ಹಿಡಿದು ತಮ್ಮ ಬುಡಕ್ಕೆ ಹೊರಟಿದ್ದಳು, ತಡೆದವನು ನಾನು. ನಾನಿರುವ ತನಕ ತಮ್ಮ ಕೊಂಬೆಗೆ ಕುತ್ತಿಲ್ಲ. ಆಮೇಲೆ ಅವಳನ್ನು ತಡೆಯುವವರು ಈ ಮನೆಯಲ್ಲಿ ಯಾರೂ ಇಲ್ಲ.