ಮಾವನ ಕೊಡೆಗೆ ಆಂಟೆನಾ

"ನಿಮ್ಮಪ್ಪನ್ನ ಬೀದಿ ಬೀದಿ ಹುಡುಕೋ ಕಾಲ ಇವತ್ತಿಗೆ ಮುಗೀತು ಅಂತ ತಿಳ್ಕೋ!" ಎಂದು ಹೆಂಡತಿಯ ಮುಂದೆ ಘೋಷಿಸಿದೆ. ಮಾವನವರಿಗೆ ಇತ್ತೀಚೆಗೆ ವಾಕಿಂಗ್ ಹೋದರೆ ಮನೆಯ ದಾರಿ ಮರೆಯುತ್ತಿತ್ತು. ನಾನೋ, ಲಾರಿ ಎಲ್ಲಿದೆಯೆಂದು ಹೇಳುವ ಜಿಪಿಎಸ್ ಪೆಟ್ಟಿಗೆಗಳಿಗೆ ಆಂಟೆನಾ ಆರಿಸಿ ಕೂರಿಸುವ ಮಹಾಶಯ! ಅಷ್ಟೊಂದು ಲಾರಿಗಳನ್ನು ಕಾಯುವವನಿಗೆ ಒಬ್ಬ ಮಾವ ಯಾವ ಲೆಕ್ಕ?

ಮಾವನವರು ಮೊಬೈಲ್ ಮುಟ್ಟುವವರಲ್ಲ, ಆದರೆ ಕೊಡೆ ಬಿಟ್ಟು ಹೊಸ್ತಿಲು ದಾಟಿದವರೂ ಅಲ್ಲ. ಸರಿ, ಜಿಪಿಎಸ್ಸನ್ನು ಕೊಡೆಗೇ ಕಟ್ಟುವುದೆಂದಾಯಿತು.

"ಯಾವ ಕಡೆ ತಿರುಗಿದ್ರೂ ನಡೆಯೋ ಸುರುಳಿ ಆಂಟೆನಾ ಹಾಕಪ್ಪ," ಎಂದ ಸಹೋದ್ಯೋಗಿ.

"ಅದೆಲ್ಲ ಬಡಪಾಯಿಗಳಿಗೆ! ನಮ್ಮ ಮಾವನಿಗೆ ಚಪ್ಪಟೆ ಬಿಲ್ಲೆಯದ್ದೇ ಆಗಬೇಕು," ಎಂದೆ.

ಅದರ ಶಕ್ತಿ ಜಾಸ್ತಿ. ಮುಖ ಮಾತ್ರ ಆಕಾಶದ ಕಡೆಗಿರಬೇಕು. ಕೊಡೆಯ ನೆತ್ತಿಗಿಂತ ಒಳ್ಳೆಯ ಸಿಂಹಾಸನ ಯಾವುದಿದೆ? ಕೆಳಗೊಂದು ತಗಡು ಕೊಟ್ಟು ಬಿಲ್ಲೆಗೆ ಅಲ್ಲೇ ಪಟ್ಟಾಭಿಷೇಕ ಮಾಡಿದೆ! ಅಂಗಳದಲ್ಲಿ ಕೊಡೆ ಬಿಚ್ಚಿದರೆ, ಮೊಬೈಲಿನ ನಕ್ಷೆಯಲ್ಲಿ ಸರಿಯಾಗಿ ನಮ್ಮ ಮನೆಯ ಮೇಲೇ ಕೆಂಪು ಚುಕ್ಕೆ. ಮಾವನವರಿಗೂ ತೋರಿಸಿದೆ. "ಭಲೇ ಅಳಿಯಂದಿರೇ!" ಎಂದರು.

ಮರುದಿನ ಬೆಳಿಗ್ಗೆ ಅವರು ಕೊಡೆ ಹಿಡಿದು ಹೊರಟರು. ಬಿಸಿಲೇರಿದರೂ ಸುಳಿವಿಲ್ಲ.

"ರೀ, ಅಪ್ಪ ಇನ್ನೂ ಬಂದಿಲ್ಲ."

"ಬಂದಾಯ್ತು. ಚುಕ್ಕೆ ಮನೇಲೇ ಇದೆ, ನೋಡು."

"ಮನೇಲಿ ಎಲ್ಲಿ? ಯಾವ ಡಬ್ಬೀಲಿ?"

"ಬಚ್ಚಲಲ್ಲಿರ್ತಾರೆ."

ಬಚ್ಚಲಲ್ಲಿರಲಿಲ್ಲ. ಮಂಚದ ಕೆಳಗೂ ಬಗ್ಗಿ ನೋಡಿದೆ! "ಯಂತ್ರ ಸುಳ್ಳು ಹೇಳಲ್ಲ ಕಣೇ," ಎಂದು ಮತ್ತೆ ಕುರ್ಚಿಗೆ ಅಂಟಿಕೊಂಡೆ. ಹೆಂಡತಿಯ ಕಣ್ಣಲ್ಲಿ ನೀರು ತುಂಬಿದಾಗಲಷ್ಟೇ ನನಗೆ ಹೊಳೆಯಿತು. ಮಾವನವರು ಕೊಡೆ ಬಿಚ್ಚುವುದೇ ಅಪರೂಪ. ಅದು ಅವರ ಊರುಗೋಲು! ಮಡಚಿ, ಹಿಡಿ ಮೇಲೆ, ನೆತ್ತಿ ಕೆಳಗೆ ಮಾಡಿ ಊರಿಕೊಂಡು ನಡೆಯುತ್ತಾರೆ. ನನ್ನ ಘನ ಆಂಟೆನಾ ಬೆಳಗ್ಗಿನಿಂದ ನೆಲ ನೋಡುತ್ತಿತ್ತು. ಉಪಗ್ರಹ ಕಾಣದಿದ್ದರೆ ಕೊನೆಗೆ ಕಂಡ ಜಾಗವನ್ನೇ ತೋರಿಸು ಎಂದು ಯಂತ್ರಕ್ಕೆ ಕಲಿಸಿದವನೂ ನಾನೇ. ನನ್ನ ಬುದ್ಧಿಗಿಷ್ಟು ಬೆಂಕಿ ಬೀಳ!

ಸ್ಕೂಟರ್ ಕೀಲಿಗೆ ತಡಕಾಡುತ್ತಿರುವಾಗ ಚುಕ್ಕೆ ಚಂಗನೆ ಜಿಗಿದು ಊರಾಚೆಯ ಬಸ್ ನಿಲ್ದಾಣದ ಮೇಲೆ ಕೂತಿತು. ಇಬ್ಬರೂ ಸ್ಕೂಟರೇರಿ ಧಾವಿಸಿದೆವು. ಸೂರಿಲ್ಲದ ಆ ನಿಲ್ದಾಣದ ಕಲ್ಲುಬೆಂಚಿನ ಮೇಲೆ, ಬಿಸಿಲು ತಾಳಲಾರದೆ ಕೊನೆಗೂ ಕೊಡೆ ಬಿಚ್ಚಿ ಮಾವನವರು ಕೂತಿದ್ದರು. ತುಟಿ ಒಣಗಿತ್ತು. ಭೂಮಿ ಬಾಯಿಬಿಟ್ಟು ನನ್ನನ್ನು ನುಂಗಬಾರದೇ ಅನ್ನಿಸಿತು.

"ಯಾರನ್ನಾದ್ರೂ ದಾರಿ ಕೇಳಬಾರದಿತ್ತಾ ಅಪ್ಪಾ?" ಎನ್ನುತ್ತಾ ಹೆಂಡತಿ ನೀರು ಕುಡಿಸಿದಳು.

"ಮನೆಗೆ ಬಿಡ್ತೀವಿ ಬನ್ನಿ ಅಂತ ಎಷ್ಟೋ ಜನ ಕರೆದ್ರಮ್ಮ. ನಾನೇ ಬೇಡ ಅಂದೆ. ನಮ್ಮ ಅಳಿಯಂದಿರು ಮೊಬೈಲಲ್ಲಿ ನನ್ನನ್ನೇ ನೋಡ್ತಾ ಕೂತಿದಾರೆ, ಇನ್ನೇನು ಬಂದ್ಬಿಡ್ತಾರೆ ಅಂದೆ."

ಹೆಂಡತಿ ನನ್ನ ಮುಖವನ್ನೊಮ್ಮೆ ನೋಡಿದಳು.

"ಹೌದಪ್ಪಾ, ಬೆಳಗ್ಗಿಂದ ಕೂತೇ ಇದ್ರು."