'ಅನು' ಕತ್ತರಿಸಿದ ದರ್ಜಿಯ ಅಹವಾಲು

ನಿಘಂಟು ರಚಿಸಿದ ಮಾನ್ಯ ವಿದ್ವಾಂಸರೇ,

ನಾಲ್ಕನೇ ತರಗತಿಗೇ ಶಾಲೆಗೆ ಕೈಮುಗಿದು ಬಂದು, ಐವತ್ತು ವರ್ಷಗಳಿಂದ ಬಟ್ಟೆ ಹೊಲಿಯುತ್ತಿರುವ ಈ ಮುದುಕ, ತಮ್ಮ ಪಾಂಡಿತ್ಯಕ್ಕೆ ಮೊದಲು ತಲೆಬಾಗಿ, ತಲೆ ಎತ್ತಿದ ಮೇಲೆ ನಾಲ್ಕು ಮಾತು ಬೈಯಬೇಕೆಂದು ಈ ಪತ್ರ ಬರೆಯುತ್ತಿದ್ದಾನೆ. ದಯಮಾಡಿ ಕೂತು ಓದಬೇಕು.

ನಡೆದದ್ದಿಷ್ಟು. ಇಪ್ಪತ್ತೆಂಟು ವರ್ಷದಿಂದ ನನ್ನ ಅಂಗಡಿಯಲ್ಲೇ ಕತ್ತರಿ ಹಿಡಿದಿರುವ ನನ್ನ ತಮ್ಮ, ಗಿರಾಕಿಯೊಬ್ಬರ ಕೋಟಿಗೆ ಎರಡೂ ಎಡಗೈ ತೋಳುಗಳನ್ನೇ ಕತ್ತರಿಸಿಟ್ಟು, "ಕೈತಪ್ಪಿ ಆಯ್ತಣ್ಣ" ಅಂದ. ಅಷ್ಟಕ್ಕೆ ಸುಮ್ಮನಾದರೆ ನಾನು ನಾನೇ ಅಲ್ಲವಲ್ಲ! "ಕೈತಪ್ಪಿ ಅಲ್ವೋ, ನೀನು ಈ ಮನೇಲಿ ಹುಟ್ಟಿದ್ದೇ ತಪ್ಪಿ" ಎಂದು ಗಿರಾಕಿಯ ಮುಂದೆಯೇ ಗಂಟಲು ಹರಿಯುವಂತೆ ಕೂಗಿದೆ. ಅವನು ಕೊರಳಿನ ಟೇಪು ತೆಗೆದು, ಸುರುಳಿ ಸುತ್ತಿ ಮೇಜಿನ ಮೇಲಿಟ್ಟು ಹೋದ. ಒಂಬತ್ತು ದಿನವಾಯಿತು, ಬಂದಿಲ್ಲ.

"ಬಾಯ್ತಪ್ಪಿ ಅಂದೆ" ಎಂಬ ಮಾತನ್ನು ನಾನು ಹೆಂಡತಿ, ಮಗಳು, ಅಳಿಯ, ಎದುರಂಗಡಿಯವರು ಎಲ್ಲರ ಹತ್ತಿರವೂ ಬಳಸಿ ಬಳಸಿ ಅದರ ಮೊಣಕೈ ಹರಿದಿದೆ. ತಮ್ಮನಿಗೆ ಚೀಟಿ ಬರೆದು ಕಳಿಸಲು ತೂಕದ ಪದವೊಂದು ಬೇಕೆಂದು ಮಗಳ ಕಪಾಟಿನಿಂದ ತಮ್ಮ ಗ್ರಂಥವನ್ನು ಇಳಿಸಿದೆ. ಸಿಕ್ಕಿತು: 'ಅನುದ್ದೇಶಿತ', ಅಂದರೆ ಬೇಕೆಂದು ಮಾಡದ್ದು. ಎಂಥ ಗತ್ತಿನ ಪದ! ಆದರೆ ನನ್ನದು ಅಳತೆ ಬರೆಯುವ ಸಣ್ಣ ಚೀಟಿ. ಅನುಕೂಲ, ಅನುಭವ, ಅನುಮಾನ ಎಂದು ಎಲ್ಲೆಲ್ಲೂ ಶೋಕಿಗೆ ನಿಂತಿರುವ ಆ 'ಅನು' ಇಲ್ಲಿಯೂ ಹೆಚ್ಚಿಗೆ ಬಿಟ್ಟ ಬಟ್ಟೆಯೇ ಇರಬೇಕೆಂದು ಕತ್ತರಿಸಿ, ಉಳಿದ ತುಂಡಿನ ತಲೆಗೆ ಒಂದು 'ಉ' ತೇಪೆ ಹಾಕಿಬಿಟ್ಟೆ. "ನಾನು ಅಂದದ್ದು ಉದ್ದೇಶಿತ. ಇದನ್ನು ಚೆನ್ನಾಗಿ ತಿಳಿದುಕೋ" ಎಂದು ಬರೆದು ಕಳಿಸಿದೆ.

ಸಂಜೆಗೇ ತಮ್ಮನ ಹೆಂಡತಿಯ ಫೋನು: "ಅಂದಿದ್ದು ಸಾಲ್ದು ಅಂತ ರುಜು ಹಾಕಿ ಬೇರೆ ಕಳಿಸಿದ್ದೀರಲ್ಲ ಭಾವ!"

ಈ 'ಅನು'ವಿನ ಹೊಟ್ಟೆಯಲ್ಲಿ 'ಅಲ್ಲ' ಅಡಗಿದೆಯೆಂದು ಮಗಳು ನಕ್ಕು ಸುಸ್ತಾದ ಮೇಲೆ ಬಿಡಿಸಿ ಹೇಳಿದಳು. ಅನುಕೂಲದಲ್ಲಿ ಇಲ್ಲದ 'ಅಲ್ಲ'ವನ್ನು ಇಲ್ಲಿ ಗುಟ್ಟಾಗಿ ಹೊಲಿದಿಟ್ಟ ತಮ್ಮ ಕೈಚಳಕ ನನ್ನಂಥ ದರ್ಜಿಗೆ ಬಂದೀತೇ? ಆದ್ದರಿಂದ ತಾವೆಲ್ಲರೂ ಗ್ರಂಥ ಸಮೇತ ನನ್ನ ತಮ್ಮನ ಮನೆಗೆ ಬಂದು, ಬಾಗಿಲಲ್ಲಿ ಸಾಲಾಗಿ ನಿಂತು, ತಪ್ಪು ಮುದುಕನದಲ್ಲ, ವ್ಯಾಕರಣದ್ದು ಎಂದು ಒಕ್ಕೊರಲಿನಿಂದ ಸಾಕ್ಷಿ ಹೇಳಬೇಕಾಗಿ ಕೋರುತ್ತೇನೆ.

ಹೇಳಲು ನಾಚಿಕೆ, ಆದರೂ ಹೇಳುತ್ತೇನೆ. ಆ ಮಾತು ಬಾಯ್ತಪ್ಪಿ ಬಂದದ್ದಲ್ಲ. ನೋಯಲಿ ಅಂತಲೇ ಅಂದೆ; ಎದ್ದು ಹೋಗಲಿ ಅಂತ ಅನ್ನಲಿಲ್ಲ, ಅಷ್ಟೇ. ಅಂದಮೇಲೆ ಆ ಹಾಳು ಚೀಟಿಯಲ್ಲಿ ಅರ್ಧ ನಿಜವೇ ಇತ್ತು. ಹೀಗೆ ಅರ್ಧ ಬೇಕಂತ, ಅರ್ಧ ಬೇಡದೆ ಆಗಿಹೋಗುವ ಕೆಲಸಕ್ಕೆ ತಮ್ಮ ಸಾವಿರದ ಇನ್ನೂರು ಪುಟಗಳಲ್ಲಿ ಒಂದೇ ಒಂದು ಪದವಿಲ್ಲ. ನಾನು ಆಡಿದ ಮಾತಿನಲ್ಲಿ ಮುಕ್ಕಾಲು ಪಾಲು ಅದೇ ಜಾತಿಯದು, ಸ್ವಾಮಿ.

ಸದ್ಯಕ್ಕೆ ತಮ್ಮ ವಿಶ್ವಾಸಿ,
ತಮ್ಮನ ವಿಶ್ವಾಸಕ್ಕೆ ಇನ್ನೂ ಅರ್ಜಿ ಹಾಕಬೇಕಾದ ದರ್ಜಿ

ವಿ.ಸೂ.: ಲಕೋಟೆ ಅಂಟಿಸುವ ಮೊದಲು ಅವನ ಮನೆಗೇ ಹೋದೆ. "ಬೇಕಂತಲೇ ಅಂದೆ ಕಣೋ, ತಪ್ಪಾಯ್ತು" ಅಂದೆ. ಇದರಲ್ಲಿ ತಮ್ಮ ಗ್ರಂಥದ ಹಂಗಿನ ಪದ ಒಂದೂ ಇಲ್ಲ, ಗಮನಿಸಬೇಕು. ಅವನು "ಇದನ್ನ ಹೇಳೋಕೆ ಒಂಬತ್ತು ದಿನ ಪುಸ್ತಕ ಓದಿದ್ಯಾ ಅಣ್ಣ?" ಎಂದು ಅಂಗಡಿಗೆ ಹೊರಡಲು ಚಪ್ಪಲಿ ಮೆಟ್ಟಿಕೊಂಡ.